ಫ್ಲಾರೆನ್ಸಿಗೆ ಅರ್ಧ ದಿನ ಸಾಲದು

ಓದುಗರ ಪ್ರಶ್ನೆ, ಡ್ರಾಯಿಂಗ್ ಅಕ್ಕೋರ ಉತ್ತರ

ಹೋದ ಸಂಚಿಕೆಯಲ್ಲಿ ಇಟಲಿಯ ಫ್ಲಾರೆನ್ಸ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಅಷ್ಟೇ. ಪತ್ರಗಳು ಬಂದು ಬಿದ್ದವು. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಇಷ್ಟು ಜನ ಅಲ್ಲಿಗೆ ಹೊರಟಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಯಾರದೋ ಮಗ ಜರ್ಮನಿಯಲ್ಲಿದ್ದಾನೆ, ಯಾರದೋ ಮಗಳು ಮಿಲಾನಿನಲ್ಲಿ ಓದುತ್ತಿದ್ದಾಳೆ. ಆ ನೆಪದಲ್ಲಿ ಅಪ್ಪ ಅಮ್ಮನೂ ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದಾರೆ. ಈ ಸಲದ ಅಂಕಣ ಪೂರ್ತಿ ಅವರಿಗೇ. ನಾನು ಟೂರ್ ಏಜೆಂಟ್ ಅಲ್ಲ, ಹೈಸ್ಕೂಲ್ ಮಕ್ಕಳಿಗೆ ಚಿತ್ರ ಬರೆಯಲು ಕಲಿಸಿದವಳು. ಹಾಗಾಗಿ ಚರ್ಮದ ಬ್ಯಾಗ್ ಎಲ್ಲಿ ಸೋವಿ ಅಂತ ಕೇಳಿದವರಿಗೆ ಇಲ್ಲಿ ಉತ್ತರ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಅಕ್ಕೋರೇ ನಮಸ್ಕಾರ. ನಾನು ಬ್ಯಾಂಕಿನಿಂದ ನಿವೃತ್ತ. ನಾನು, ನಮ್ಮ ಮನೆಯವರು ಇಬ್ಬರೇ ಹೊರಟಿದ್ದೇವೆ. ಪ್ಯಾಕೇಜಿನವರು ಏಳು ದಿನಕ್ಕೆ ರೋಮ್, ಫ್ಲಾರೆನ್ಸ್, ಪೀಸಾ, ವೆನಿಸ್, ಮಿಲಾನ್ ಎಲ್ಲಾ ತೋರಿಸುತ್ತೇವೆ ಅಂತಾರೆ. ಫ್ಲಾರೆನ್ಸಿಗೆ ಅರ್ಧ ದಿನ ಇಟ್ಟಿದ್ದಾರೆ. ನಮಗೆ ಕಲೆ, ಇತಿಹಾಸ ನೋಡುವ ಆಸೆ. ಇದು ಸಾಕೇನ್ರಿ?
— ಹುಮನಾಬಾದಿನ ಓದುಗರು

ಸಾಲದು ಸರ್. ಅರ್ಧ ದಿನದಲ್ಲಿ ಏನಾಗುತ್ತದೆ ಹೇಳುತ್ತೇನೆ ಕೇಳಿ. ಬಸ್ಸು ಊರಿನ ಅಂಚಿನಲ್ಲಿ ಇಳಿಸುತ್ತದೆ. ಗೈಡ್ ಕೊಡೆ ಎತ್ತಿ ಹಿಡಿದು ಮುಂದೆ ಮುಂದೆ ಓಡುತ್ತಾಳೆ. ದೊಡ್ಡ ಚರ್ಚಿನ ಹೊರಗೆ ನಿಂತು ಒಂದು ಫೋಟೋ. ಆಮೇಲೆ ಪಿಯಾಜಾ ಡೆಲ್ಲಾ ಸಿನ್ಯೋರಿಯಾ ಚೌಕದಲ್ಲಿ ಮೈಕೆಲಾಂಜೆಲೊನ ಡೇವಿಡ್ ಮೂರ್ತಿ ಜೊತೆ ಇನ್ನೊಂದು ಫೋಟೋ. ಬಸ್ಸು ಹೊರಟಿತು. ಆ ಚೌಕದ ಡೇವಿಡ್ ನಕಲು, ಅದನ್ನು ಎಷ್ಟೋ ಜನಕ್ಕೆ ಯಾರೂ ಹೇಳುವುದೇ ಇಲ್ಲ. ಅಸಲಿ ಮೂರ್ತಿ ಮಳೆಗಾಳಿಗೆ ಹಾಳಾಗಬಾರದು ಅಂತ 1873ರಲ್ಲೇ ಅದನ್ನು ಅಕಾಡೆಮಿಯಾ ಗ್ಯಾಲರಿಗೆ ಸಾಗಿಸಿದರು. ಹೊರಗಿರುವುದು 1910ರಲ್ಲಿ ನಿಲ್ಲಿಸಿದ್ದು.

ನನ್ನನ್ನು ಕೇಳಿದರೆ ಉಳಿದ ಊರುಗಳನ್ನು ಬಿಟ್ಟುಬಿಡಿ. ರೋಮಿಗೆ ಇಳಿಯಿರಿ, ಅಲ್ಲಿಂದ ವೇಗದ ರೈಲಿಗೆ ಫ್ಲಾರೆನ್ಸ್ ಸುಮಾರು ಒಂದೂವರೆ ಗಂಟೆ. ಐದು ರಾತ್ರಿ ಅಲ್ಲೇ ತಳ ಊರಿ. ಹಳೇ ಊರು ಪೂರ್ತಿ ನಡೆದು ನೋಡುವಷ್ಟೇ ಇದೆ. ಟ್ಯಾಕ್ಸಿಗೆ ಕೊಡುವ ದುಡ್ಡನ್ನು ಊರೊಳಗಿನ ಹೋಟೆಲಿಗೆ ಕೊಡಿ.

ಇಷ್ಟು ಹಟ ಯಾಕೆ ಅಂದರೆ, ಈ ಊರಿನ ದೊಡ್ಡತನ ಮ್ಯೂಸಿಯಮ್ಮಿನೊಳಗೆ ಅರ್ಧ ಮಾತ್ರ ಇದೆ. ಉಳಿದ ಅರ್ಧ ಆರುನೂರು ವರ್ಷದ ಹಿಂದೆ ಯಾವ ಗೋಡೆಗೆ ಅಂತ ಬರೆದರೋ ಆ ಗೋಡೆಯ ಮೇಲೇ ಇದೆ. ಚರ್ಚಿನಲ್ಲಿ, ಮಠದಲ್ಲಿ, ಸನ್ಯಾಸಿಗಳು ಮಲಗುತ್ತಿದ್ದ ಕೋಣೆಯಲ್ಲಿ. ಕಿಟಕಿ ಯಾವ ಕಡೆ ಇದೆಯೋ ಚಿತ್ರದೊಳಗಿನ ಬೆಳಕೂ ಆ ಕಡೆಯಿಂದಲೇ ಬರುವ ಹಾಗೆ ಬರೆದದ್ದನ್ನು ಅಲ್ಲಿ ನೋಡಬಹುದು. ಅದನ್ನು ಕಿತ್ತು ಗ್ಯಾಲರಿಯಲ್ಲಿ ತೂಗುಹಾಕಿದರೆ ಆ ಜಾಣತನ ಕಾಣುವುದೇ ಇಲ್ಲ. ಅದಕ್ಕೇ ನನ್ನ ಸಲಹೆ: ಮೊದಲೇ ಬುಕ್ ಮಾಡಬೇಕಾದ ಮ್ಯೂಸಿಯಂ ಎರಡು ಸಾಕು, ಉಫೀತ್ಸಿ ಮತ್ತು ಅಕಾಡೆಮಿಯಾ. ಉಳಿದ ಹೊತ್ತನ್ನು ಗೋಡೆಗಳಿಗೆ ಇಡಿ.

ಇವೆರಡಕ್ಕೂ ಸೋಮವಾರ ರಜೆ. ನೀವು ಭಾನುವಾರ ಇಳಿದರೆ ಸೋಮವಾರ ಚರ್ಚುಗಳಿಗೆ, ಮಂಗಳವಾರ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಉಫೀತ್ಸಿಗೆ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳಿಗೆ ಪುಕ್ಕಟೆ ಪ್ರವೇಶ ಇರುತ್ತದೆ. ಆ ಪುಕ್ಕಟೆಯ ಆಸೆಗೆ ಬೀಳಬೇಡಿ. ಶರಣಬಸವೇಶ್ವರ ಜಾತ್ರೆಯ ತೇರಿನ ದಿನದಷ್ಟು ಜನ.

ತಿಂಗಳು ಯಾವುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜುಲೈ, ಆಗಸ್ಟ್ ಬೇಡ. ಬಿಸಿಲಿಗಲ್ಲ. ಮೇ ತಿಂಗಳಲ್ಲಿ ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆ ಅಲ್ಲಿನ ಬಿಸಿಲು ಯಾವ ಲೆಕ್ಕ? ಹೆದರಬೇಕಾದ್ದು ಜನಕ್ಕೆ. ಫೆಬ್ರವರಿ ಕೊನೆ, ಮಾರ್ಚ್ ಮೊದಲು ಒಳ್ಳೇದು. ಸ್ವೆಟರ್ ಬೇಕು, ಅಷ್ಟೇ.

ಮೊದಲ ದಿನ ಎಲ್ಲಿಂದ ಶುರು ಮಾಡಲಿ ಅಂದರೆ, ರೈಲು ನಿಲ್ದಾಣದ ಎದುರಿಗೇ ಇರುವ ಸಾಂತಾ ಮರಿಯಾ ನೊವೆಲ್ಲಾ ಚರ್ಚು. ನಿಲ್ದಾಣಕ್ಕೂ ಅದರದೇ ಹೆಸರು. ಒಳಗೆ ಹೋದರೆ ಎಡಗಡೆ ಗೋಡೆಯ ಮೇಲೆ ಮಸಾಚ್ಚೊ ಅನ್ನುವ ಹುಡುಗ ಸುಮಾರು 1427ರಲ್ಲಿ ಬರೆದ 'ಟ್ರಿನಿಟಿ' ಚಿತ್ರ ಇದೆ. ಹುಡುಗ ಅಂತಲೇ ಅನ್ನುತ್ತೇನೆ, ಅವನು ತೀರಿಕೊಂಡಾಗ ಇಪ್ಪತ್ತೇಳರ ಆಸುಪಾಸು. ಶಿಲುಬೆಯ ಮೇಲೆ ಯೇಸು, ಹಿಂದೆ ಕಮಾನಿನ ಕೋಣೆ. ಅದು ಕೋಣೆಯಲ್ಲ, ಚಪ್ಪಟೆ ಗೋಡೆ. ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರೆ ಗೋಡೆ ಕೊರೆದು ಒಳಗೆ ಇನ್ನೊಂದು ಗುಡಿ ಕಟ್ಟಿದ ಹಾಗೆ ಕಾಣುತ್ತದೆ. ಕಮಾನಿನ ಗೆರೆಗಳೆಲ್ಲ ಕೆಳಕ್ಕೆ ಇಳಿದು ಶಿಲುಬೆಯ ಬುಡದ ಹತ್ತಿರ, ನಮ್ಮ ಕಣ್ಣಿನ ಮಟ್ಟದಲ್ಲಿ ಕೂಡುತ್ತವೆ. ನಾನು ಪ್ರತಿ ವರ್ಷ ಒಂಬತ್ತನೇ ಕ್ಲಾಸಿಗೆ ರೈಲು ಹಳಿ ಬರೆದು ಕಲಿಸುತ್ತಿದ್ದ ಪಾಠವನ್ನು ಯುರೋಪಿನಲ್ಲಿ ಗೋಡೆಯ ಮೇಲೆ ಇಷ್ಟು ಪಕ್ಕಾ ಮಾಡಿ ತೋರಿಸಿದವರಲ್ಲಿ ಇವನು ಮೊದಲಿಗ. ಇನ್ನೊಂದು: ಹಸಿ ಗಾರೆಯ ಮೇಲೆ ದಾರ ಎಳೆದು ಒತ್ತಿದ ಗೆರೆಗಳ ಗುರುತು ಇನ್ನೂ ಉಳಿದಿದೆ. ನಮ್ಮಲ್ಲಿ ಪೇಂಟರ್‌ಗಳು ಗೋಡೆಗೆ ದಾರ ಹೊಡೆಯುತ್ತಾರಲ್ಲ, ಅದೇ ಕೆಲಸ.

ಚಿತ್ರದ ಕೆಳಗೆ ಒಂದು ಅಸ್ಥಿಪಂಜರ ಮಲಗಿದೆ. ಅದರ ಮೇಲೆ ಬರೆದಿರುವುದು: ನೀವು ಈಗ ಏನಾಗಿದ್ದೀರೋ ನಾನೂ ಅದೇ ಆಗಿದ್ದೆ, ನಾನು ಏನಾಗಿದ್ದೇನೋ ನೀವೂ ಅದೇ ಆಗುತ್ತೀರಿ. 1500ರ ನಂತರದ ಕಾಲದಲ್ಲಿ ವಸಾರಿ ಅನ್ನುವವನು ಚರ್ಚನ್ನು ಹೊಸದು ಮಾಡುವಾಗ ಇದರ ಮುಂದೆ ಇನ್ನೊಂದು ಪೂಜಾಪೀಠ ಕಟ್ಟಿ ಮುಚ್ಚಿಬಿಟ್ಟ. 1860ರ ಹೊತ್ತಿಗೆ ಅದನ್ನು ತೆಗೆದಾಗ ಚಿತ್ರ ಮತ್ತೆ ಸಿಕ್ಕಿತು. ಮುಚ್ಚಿದ ವಸಾರಿಯೇ ಉಫೀತ್ಸಿ ಕಟ್ಟಡದ ನಕ್ಷೆ ಮಾಡಿದವನು, ಕಲಾವಿದರ ಚರಿತ್ರೆ ಬರೆದವನು. ಒಡೆದು ಹಾಕದೆ ಮುಂದೆ ಗೋಡೆ ಎಬ್ಬಿಸಿದನಲ್ಲ, ಅಷ್ಟರ ಮಟ್ಟಿಗೆ ಪುಣ್ಯಾತ್ಮ.

ಅಕ್ಕಾ, ನಮ್ಮದು ಬೀದರಿನಲ್ಲಿ ಬಿದ್ರಿ ಕೆಲಸದ ಮನೆತನ. ಅಪ್ಪ, ಅಣ್ಣ ಈಗಲೂ ಮಾಡುತ್ತಾರೆ. ನಾನು ಡಿಸೈನ್ ಓದುತ್ತಿದ್ದೇನೆ, ಕಾಲೇಜಿನಿಂದ ಇಟಲಿಗೆ ಹೋಗುವ ಅವಕಾಶ ಬಂದಿದೆ. ಫ್ಲಾರೆನ್ಸಿನಲ್ಲಿ ನಮ್ಮ ಕೆಲಸಕ್ಕೆ ಹತ್ತಿರದ್ದು ಏನಾದರೂ ಇದೆಯಾ?
— ಬೀದರಿನ ವಿದ್ಯಾರ್ಥಿನಿ

ಇದೆ ತಂಗಿ. ಈ ಪತ್ರ ಓದಿ ನನಗೆ ಭಾಳ ಖುಷಿ ಆಯಿತು.

ಡೇವಿಡ್ ಇರುವ ಅಕಾಡೆಮಿಯಾದಿಂದ ಕೂಗಳತೆಯಲ್ಲಿ, ವಿಯಾ ದೆಲ್ಯಿ ಅಲ್ಫಾನಿ ಅನ್ನುವ ಬೀದಿಯಲ್ಲಿ, ಒಂದು ಚಿಕ್ಕ ಮ್ಯೂಸಿಯಂ ಇದೆ. ಹೆಸರು ಓಪಿಫೀಚೊ ದೆಲ್ಲೆ ಪಿಯೆತ್ರೆ ದೂರೆ. 1588ರಲ್ಲಿ ಆ ಊರನ್ನು ಆಳುತ್ತಿದ್ದ ಮೆಡಿಚಿ ಮನೆತನದ ಫರ್ಡಿನಾಂಡೊ ಶುರು ಮಾಡಿದ ಅರಮನೆಯ ಕಾರ್ಖಾನೆ ಅದು. ಡೇವಿಡ್‌ಗೆ ಸಾಲು ನಿಂತ ಸಾವಿರಾರು ಜನರಲ್ಲಿ ಇಲ್ಲಿಗೆ ಬರುವವರು ಕೈಬೆರಳೆಣಿಕೆ. ಕೆಲಸ ಏನಂದರೆ, ಬಣ್ಣಬಣ್ಣದ ಗಟ್ಟಿ ಕಲ್ಲುಗಳನ್ನು ತೆಳ್ಳಗೆ ಬಿಲ್ಲೆ ಮಾಡಿ, ಎಲೆ, ಹೂವು, ಹಕ್ಕಿಯ ಆಕಾರಕ್ಕೆ ಕೊಯ್ದು, ಒಂದಕ್ಕೊಂದು ಕೂದಲೆಳೆಯಷ್ಟೂ ಸಂದು ಇಲ್ಲದಂತೆ ಕೂಡಿಸುವುದು. ನೆರಳು ಬೇಕಾದ ಕಡೆ ಬಣ್ಣ ಹಚ್ಚುವ ಹಾಗಿಲ್ಲ. ಕಲ್ಲಿನಲ್ಲೇ ಹುಟ್ಟಿನಿಂದ ಬಂದ ಕಪ್ಪು ಎಲ್ಲಿದೆ ನೋಡಿ, ಆ ಜಾಗವನ್ನೇ ಕೊಯ್ದು ತರಬೇಕು.

ಅಲ್ಲಿ ಹಳೇ ಕೆಲಸದ ಮೇಜು, ಹತ್ಯಾರ ಇಟ್ಟಿದ್ದಾರೆ. ಗರಗಸ ಅಂದರೆ ಹಲ್ಲಿರುವ ಗರಗಸ ಅಲ್ಲ. ಬಾಗಿಸಿದ ಕಟ್ಟಿಗೆಗೆ ಬಿಲ್ಲಿನ ಹೆದೆಯಂತೆ ಕಬ್ಬಿಣದ ತಂತಿ ಕಟ್ಟಿದ್ದು. ಆ ತಂತಿಗೆ ಕುರಂಜಿ ಕಲ್ಲಿನ ಪುಡಿ ನೀರಿನಲ್ಲಿ ಕಲಸಿ ಹಚ್ಚುತ್ತಾ, ಎಳೆಯುತ್ತಾ, ಕಲ್ಲನ್ನು ಸವೆಸುತ್ತಾರೆ. ಕೊಯ್ಯುವುದು ತಂತಿಯಲ್ಲ, ಪುಡಿ. ಮೈಲುತುತ್ತ ಹಚ್ಚಿ ಕಪ್ಪಾದ ಮೈಮೇಲೆ ಉಳಿಯಿಂದ ಗೆರೆ ತೆಗೆದು ಬೆಳ್ಳಿ ತಂತಿ ಕೂರಿಸುವುದನ್ನು ಹುಟ್ಟಿದಾಗಿನಿಂದ ನೋಡಿದವಳು ನೀನು. ಆ ಮೇಜಿನ ಮುಂದೆ ನಿನಗೆ ಯಾವ ಗೈಡೂ ಬೇಡ.

ಅದನ್ನು ನೋಡಿದ ಮೇಲೆ ಸಾನ್ ಲೊರೆಂಜೊ ಚರ್ಚಿನ ಹಿಂದಿರುವ ಮೆಡಿಚಿ ಸಮಾಧಿಗಳಿಗೆ ಹೋಗು. ಎಲ್ಲರೂ ಮೈಕೆಲಾಂಜೆಲೊ ಕೆತ್ತಿದ ಮೂರ್ತಿಗಳಿಗೆ ಅಂತ ಹೋಗುತ್ತಾರೆ, ಹೋಗಲೇಬೇಕು. ಆದರೆ ನೀನು ರಾಜಕುಮಾರರ ಚಾಪೆಲ್ ಅನ್ನುವ ದೊಡ್ಡ ಎಂಟುಮೂಲೆ ಕೋಣೆಯಲ್ಲಿ ಗೋಡೆಯ ಕೆಳಸಾಲನ್ನು ನೋಡು. ಫ್ಲಾರೆನ್ಸ್ ಇರುವ ತಸ್ಕನಿ ಸೀಮೆಯ ಊರುಗಳ ಲಾಂಛನಗಳನ್ನು ಲ್ಯಾಪಿಸ್ ಅನ್ನುವ ನೀಲಿ ಕಲ್ಲು, ಹವಳ, ಮುತ್ತಿನ ಚಿಪ್ಪು ಸೇರಿಸಿ ಕೂರಿಸಿದ್ದಾರೆ. ಮುತ್ತಿನ ಚಿಪ್ಪು ಅಂದಕೂಡಲೇ ನಿಮ್ಮೂರ ಕೋಟೆಯ ರಂಗೀನ್ ಮಹಲ್ ನೆನಪಾಗಬೇಕು. ಅಲ್ಲಿ ಕರಿಕಲ್ಲಿನಲ್ಲಿ ಕೂರಿಸಿದ್ದು, ಇಲ್ಲಿ ಬಣ್ಣದ ಕಲ್ಲಿನ ನಡುವೆ. ಆ ಕೋಣೆ ನನಗೆ ಸ್ವಲ್ಪ ಜಾಸ್ತಿಯೇ ಅನ್ನಿಸಿತು. ಅಷ್ಟು ಶ್ರೀಮಂತಿಕೆ ಒಂದೇ ಕಡೆ ಇದ್ದರೆ ಕಣ್ಣು ನಿಲ್ಲುವುದಿಲ್ಲ. ಕರಿ ಮೈಮೇಲೆ ಬರೀ ಬೆಳ್ಳಿ ಅನ್ನುವ ಬಿದ್ರಿಯ ಸಂಯಮ ನನಗೆ ಹಿಡಿಸಿದಷ್ಟು ಅದು ಹಿಡಿಸಲಿಲ್ಲ.

ಇನ್ನು ಎರಕದ ಕೆಲಸ ಗೊತ್ತಿರುವ ಮನೆಯವಳಾಗಿ ಬಾರ್ಜೆಲ್ಲೊ ಮ್ಯೂಸಿಯಮ್ಮನ್ನು ತಪ್ಪಿಸಬೇಡ. ಅಲ್ಲಿ ಎರಡು ಕಂಚಿನ ಫಲಕ ಅಕ್ಕಪಕ್ಕ ಇವೆ. 1401ರಲ್ಲಿ ಬ್ಯಾಪ್ಟಿಸ್ಟರಿಯ, ಅಂದರೆ ದೀಕ್ಷಾಸ್ನಾನ ಕೊಡುವ ಕಟ್ಟಡದ ಬಾಗಿಲು ಮಾಡುವವರು ಯಾರು ಅಂತ ಸ್ಪರ್ಧೆ ಇಟ್ಟರು. ವಿಷಯ ಎಲ್ಲರಿಗೂ ಒಂದೇ: ಅಬ್ರಹಾಂ ತನ್ನ ಮಗನನ್ನು ಬಲಿ ಕೊಡಲು ಕತ್ತಿ ಎತ್ತಿದ ಗಳಿಗೆ. ಗಿಬರ್ಟಿ ಹೆಚ್ಚುಕಡಿಮೆ ಇಡೀ ಫಲಕವನ್ನು ಒಂದೇ ಎರಕದಲ್ಲಿ ತೆಗೆದ. ಬ್ರೂನೆಲ್ಲೆಸ್ಕಿ ಮೂರ್ತಿಗಳನ್ನು ಬಿಡಿಬಿಡಿಯಾಗಿ ಎರಕ ಹೊಯ್ದು ಹಲಗೆಗೆ ಕೂಡಿಸಿದ. ಅವನದಕ್ಕೆ ಕಂಚು ಜಾಸ್ತಿ ಹಿಡಿಯಿತು. ಗೆದ್ದವನು ಗಿಬರ್ಟಿ. ಬ್ರೂನೆಲ್ಲೆಸ್ಕಿಯ ಕತ್ತಿ, ದೇವದೂತ ಹಿಡಿದ ಕೈ, ಅದು ನೋಡಿದರೆ ಎದೆ ಝಲ್ ಅನ್ನುತ್ತದೆ. ಆದರೂ ಕುಸುರಿಯಲ್ಲಿ ಗಿಬರ್ಟಿಯೇ ಮೇಲು. ನಿಮ್ಮಪ್ಪನಿಗೆ ಎರಡರ ಫೋಟೋ ತೋರಿಸಿ ಯಾವುದು ವಾಸಿ ಅಂತ ಕೇಳು, ನನಗೂ ಬರೆದು ತಿಳಿಸು.

ಇನ್ನೊಂದು ಇಸವಿ ನೆನಪಿಟ್ಟುಕೋ, 1472. ಮಹಮೂದ್ ಗವಾನ್ ನಿಮ್ಮೂರಿನಲ್ಲಿ ಮದರಸಾ ಕಟ್ಟಿಸಿದ ವರ್ಷ. ಅದೇ ವರ್ಷ ಫ್ಲಾರೆನ್ಸಿನ ಚಿತ್ರಕಾರರ ಸಂಘದ ಪುಸ್ತಕದಲ್ಲಿ ಇಪ್ಪತ್ತು ವರ್ಷದ ಲಿಯೊನಾರ್ಡೊ ಡಾ ವಿಂಚಿಯ ಹೆಸರು ಬಂತು. ಆ ಹೊತ್ತಿನಲ್ಲಿ ಅವನು ಬರೆದ ಚಿತ್ರ ಉಫೀತ್ಸಿಯಲ್ಲಿದೆ. ದೇವದೂತ ಮಂಡಿಯೂರಿ, ಯೇಸು ಹುಟ್ಟುತ್ತಾನೆ ಅಂತ ತಾಯಿ ಮೇರಿಗೆ ಸುದ್ದಿ ಹೇಳುವ ಚಿತ್ರ. ಅಲ್ಲಿ ನಿಂತಾಗ ಗವಾನನ ಮಿನಾರಿನ ನೀಲಿ ಹಂಚು ಕಣ್ಣ ಮುಂದೆ ತಂದುಕೋ.

ಮೇಡಂ, ನಮ್ಮ ಮನೆಯಲ್ಲಿ ಸುರಪುರ ಶೈಲಿಯ ಚಿತ್ರ ಬರೆಯುತ್ತೇವೆ, ಬಂಗಾರ ಬಳಸುತ್ತೇವೆ. ಇಟಲಿಯ ಹಳೇ ಚಿತ್ರಗಳಲ್ಲೂ ಬಂಗಾರ ಇದೆ ಅಂತ ಕೇಳಿದ್ದೇನೆ. ಎಲ್ಲಿ ನೋಡಬೇಕು?
— ಸುರಪುರದ ಓದುಗ

ಉಫೀತ್ಸಿಯ ಶುರುವಿನಲ್ಲೇ ಒಂದು ಕೋಣೆ ಇದೆ ತಮ್ಮಾ. ಚಿಮಾಬುವೆ, ದುಚ್ಚೊ, ಜೊತ್ತೊ, ಮೂವರೂ ಬರೆದ ಭಾರೀ ಗಾತ್ರದ ಮೇರಿ-ಬಾಲಯೇಸು ಚಿತ್ರಗಳು ಮೂರು ದಿಕ್ಕಿಗೆ ನಿಂತಿವೆ. ಮೂರಕ್ಕೂ ಬಂಗಾರದ ಹಿನ್ನೆಲೆ. ಜನ ಬೊಟ್ಟಿಚೆಲ್ಲಿಯ 'ವೀನಸ್' ನೋಡುವ ಆತುರಕ್ಕೆ ಇಲ್ಲಿಂದ ದಡದಡ ಹೋಗಿಬಿಡುತ್ತಾರೆ. ನೀವು ಹೋಗಬೇಡಿ.

ಹಲಗೆಯ ಮೇಲೆ ಸುಣ್ಣದಂಥ ಜಿಪ್ಸಮ್ ಮತ್ತು ಅಂಟಿನ ಪದರ ಹಚ್ಚಿ, ನುಣ್ಣಗೆ ತಿಕ್ಕಿ, ಅದರ ಮೇಲೆ ಕೆಂಪು ಜೇಡಿ ಬಳಿದು, ಆಮೇಲೆ ಬಂಗಾರದ ರೇಕು ಕೂರಿಸಿ, ನುಣುಪು ಕಲ್ಲಿನಿಂದಲೋ ಪ್ರಾಣಿಯ ಹಲ್ಲಿನಿಂದಲೋ ಉಜ್ಜಿ ಹೊಳಪು ತರುತ್ತಿದ್ದರು. ಬಂಗಾರ ಸವೆದ ಅಂಚಿನಲ್ಲಿ ಆ ಕೆಂಪು ಇಣುಕುವುದು ಈಗಲೂ ಕಾಣುತ್ತದೆ. ಬಣ್ಣ ಕಲಸಿದ್ದು ಮೊಟ್ಟೆಯ ಹಳದಿಯಲ್ಲಿ. ಮೂರೂ ಚಿತ್ರದಲ್ಲಿ ಮೇರಿಯ ಮಂಡಿ ನೋಡಿ. ಚಿಮಾಬುವೆಯಲ್ಲಿ ಬಟ್ಟೆಯ ಮಡಿಕೆಗೆ ಬಂಗಾರದ ಗೆರೆ ಎಳೆದಿದ್ದಾನೆ, ಚೆಂದ, ಆದರೆ ಒಳಗೆ ಕಾಲಿದೆ ಅನ್ನಿಸುವುದಿಲ್ಲ. ಜೊತ್ತೊ ಆ ಗೆರೆ ಬಿಟ್ಟು ಬರೀ ನೆರಳಿನಿಂದ ಮಂಡಿ ಮುಂದೆ ತಂದ. ಮೇರಿ ನಿಜಕ್ಕೂ ಕೂತಿದ್ದಾಳೆ. ಮುಂದಿನ ಇನ್ನೂರು ವರ್ಷದ ಫ್ಲಾರೆನ್ಸ್ ಆ ಮಂಡಿಯಿಂದ ಹುಟ್ಟಿತು ಅಂದರೂ ತಪ್ಪಿಲ್ಲ.

ಅಲ್ಲೇ ಮುಂದೆ ಜೆಂತೀಲೆ ದಾ ಫಾಬ್ರಿಯಾನೊ 1423ರಲ್ಲಿ ಮುಗಿಸಿದ 'ಮೂವರು ರಾಜರ ಪೂಜೆ' ಇದೆ. ಕಿರೀಟ, ಕುದುರೆಯ ಸಾಮಾನು ಎಲ್ಲ ಉಬ್ಬಿಸಿ ಅದರ ಮೇಲೆ ಬಂಗಾರ ಕೂರಿಸಿದ್ದಾನೆ. ಕೆಲಸ ನಿಮಗೆ ಪರಿಚಿತ ಅನ್ನಿಸುತ್ತದೆ. ಪಕ್ಕಕ್ಕೆ ನಿಂತು ಓರೆಯಾಗಿ ನೋಡಿ, ಎದುರಿಗೆ ನಿಂತರೆ ಉಬ್ಬು ಕಾಣುವುದಿಲ್ಲ. ಫೋಟೋ ತೆಗೆಯಬಹುದು, ಫ್ಲ್ಯಾಶ್ ಹಾಕುವಂತಿಲ್ಲ.

ಬಂಗಾರ ನೋಡಿ ಸಾಕಾದ ಮೇಲೆ, ಒಂದು ಬೆಳಗ್ಗೆ ಸಾನ್ ಮಾರ್ಕೊ ಮಠಕ್ಕೆ ಹೋಗಿ. ಬೆಳಗ್ಗೆಯೇ ಹೋಗಿ, ಮಧ್ಯಾಹ್ನಕ್ಕೆ ಬಾಗಿಲು ಹಾಕುತ್ತಾರೆ. ಅಲ್ಲೇ ಸನ್ಯಾಸಿಯಾಗಿದ್ದ ಫ್ರಾ ಆಂಜೆಲಿಕೊ ಮತ್ತು ಅವನ ಜೊತೆಯವರು ನಲವತ್ತಕ್ಕೂ ಹೆಚ್ಚು ಕೋಣೆಗಳಲ್ಲಿ ಕೋಣೆಗೊಂದರಂತೆ ಚಿತ್ರ ಬರೆದಿದ್ದಾರೆ. ಮಲಗಲು ಹಾಸಿಗೆ, ಒಂದು ಕಿಟಕಿ, ಒಂದು ಚಿತ್ರ, ಇಷ್ಟೇ ಕೋಣೆ. ಆಡಂಬರ ಇಲ್ಲ. ಮೆಟ್ಟಿಲು ಹತ್ತುತ್ತಿದ್ದಂತೆ ಎದುರಿಗೆ ದೇವದೂತ ಮತ್ತು ಮೇರಿ. ಇಡೀ ಊರಿನಲ್ಲಿ ಒಂದೇ ಜಾಗಕ್ಕೆ ಹೋಗು ಅಂದರೆ ನಾನು ಇಲ್ಲಿಗೇ ಹೋಗುತ್ತೇನೆ, ಡೇವಿಡ್ ಹತ್ತಿರ ಅಲ್ಲ.

ಮೇಡಂ, ನಾನು ಕಲಬುರಗಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಫ್ಲಾರೆನ್ಸಿನ ದೊಡ್ಡ ಚರ್ಚಿನ ಗುಮ್ಮಟ ಆಸರೆ ಇಲ್ಲದೆ ಕಟ್ಟಿದ್ದು ಅಂತಾರೆ, ನಿಜವೇ? ಅಮ್ಮನೂ ಬರುತ್ತಾರೆ, ಮೇಲೆ ಹತ್ತಿಸಬಹುದಾ?
— ಕಲಬುರಗಿಯ ವಿದ್ಯಾರ್ಥಿ

ಎರಡನೆಯದಕ್ಕೆ ಮೊದಲು ಉತ್ತರ. 463 ಮೆಟ್ಟಿಲು, ಲಿಫ್ಟ್ ಇಲ್ಲ, ದಾರಿ ಇಕ್ಕಟ್ಟು. ಅಮ್ಮನಿಗೆ ಮಂಡಿನೋವು ಇದ್ದರೆ ಬೇಡಪ್ಪ. ಅವರನ್ನು ಎದುರಿನ ಕೆಫೆಯಲ್ಲಿ ಕೂರಿಸಿ ನೀನು ಹೋಗು. ಸಂಜೆ ಪಿಯಾಜಾಲೆ ಮೈಕೆಲಾಂಜೆಲೊ ಗುಡ್ಡಕ್ಕೆ ಬಸ್ಸಿನಲ್ಲಿ ಕರಕೊಂಡು ಹೋದರೆ ಅಲ್ಲಿಂದ ಗುಮ್ಮಟ ಪೂರ್ತಿ ಕಾಣುತ್ತದೆ.

ಇನ್ನು ಗುಮ್ಮಟ. ಬಾರ್ಜೆಲ್ಲೊ ಫಲಕದಲ್ಲಿ ಸೋತನಲ್ಲ ಬ್ರೂನೆಲ್ಲೆಸ್ಕಿ, ಕಟ್ಟಿದವನು ಅವನೇ. 1420ರಲ್ಲಿ ಶುರು, 1436ರಲ್ಲಿ ಮುಗಿಯಿತು. ಅಡ್ಡಗಲ ಸುಮಾರು 45 ಮೀಟರ್, ಶುರುವಾಗುವುದೇ ನೆಲದಿಂದ 50 ಮೀಟರಿಗೂ ಮೇಲೆ. ಸಾಮಾನ್ಯವಾಗಿ ಕಮಾನು ಕಟ್ಟುವಾಗ ಕೆಳಗೆ ಕಟ್ಟಿಗೆಯ ಚೌಕಟ್ಟು ನಿಲ್ಲಿಸಿ, ಅದರ ಮೇಲೆ ಇಟ್ಟಿಗೆ ಜೋಡಿಸಿ, ಗಾರೆ ಒಣಗಿದ ಮೇಲೆ ಚೌಕಟ್ಟು ತೆಗೆಯುತ್ತಾರೆ. ಇಷ್ಟು ಎತ್ತರಕ್ಕೆ, ಇಷ್ಟು ಅಗಲಕ್ಕೆ ಅಂಥ ಚೌಕಟ್ಟು ನಿಲ್ಲಿಸುವುದು ಆಗದ ಮಾತು. ಅದಕ್ಕೆ ಅವನು ಎರಡು ಚಿಪ್ಪು ಮಾಡಿದ, ಒಳಗೊಂದು ದಪ್ಪ, ಹೊರಗೊಂದು ತೆಳ್ಳಗೆ. ಇಟ್ಟಿಗೆ ಸಾಲಿನ ನಡುನಡುವೆ ಇಟ್ಟಿಗೆಗಳನ್ನು ನೆಟ್ಟಗೆ ನಿಲ್ಲಿಸಿ, ಮೀನಿನ ಮುಳ್ಳಿನಂತೆ ಓರೆಯಾಗಿ ಮೇಲಕ್ಕೆ ಒಯ್ದ. ಆ ನೆಟ್ಟಗಿನ ಇಟ್ಟಿಗೆಗಳು ಹಸಿ ಗಾರೆಯಲ್ಲಿರುವ ಅಡ್ಡ ಇಟ್ಟಿಗೆಗಳನ್ನು ಒಳಕ್ಕೆ ಜಾರದಂತೆ ಹಿಡಿದವು. ಸುತ್ತಲೂ ಕಲ್ಲು ಮತ್ತು ಕಟ್ಟಿಗೆಯ ಬಳೆ ತೊಡಿಸಿ, ಗುಮ್ಮಟ ಹೊರಕ್ಕೆ ಬಿರಿಯದಂತೆ ಬಿಗಿದ. ಮೆಟ್ಟಿಲು ಇರುವುದೇ ಆ ಎರಡು ಚಿಪ್ಪಿನ ನಡುವೆ. ಹತ್ತುವಾಗ ಮೇಲೆ ನೋಡುತ್ತಾ ಹೋಗು, ಇಟ್ಟಿಗೆಯ ಆ ಓರೆ ಸಾಲು ಕೆಲವು ಕಡೆ ಕಾಣುತ್ತದೆ.

ನನಗೆ ಇಡೀ ಕತೆಯಲ್ಲಿ ಇಷ್ಟವಾದದ್ದು ಎತ್ತುಗಳು. ಸಾಮಾನು ಮೇಲೆ ಒಯ್ಯಲು ಅವನು ಎತ್ತು ತಿರುಗಿಸುವ ಯಂತ್ರ ಮಾಡಿದ. ಭಾರ ಮೇಲೆ ಹೋದ ಮೇಲೆ ಹಗ್ಗ ಕೆಳಗೆ ಬರಬೇಕಲ್ಲ? ಪ್ರತಿ ಸಲ ಎತ್ತಿನ ನೊಗ ಬಿಚ್ಚಿ ಹಿಂದಕ್ಕೆ ತಿರುಗಿಸಿ ಕಟ್ಟುವುದು ಯಾರಿಗೆ ಬೇಕು? ಅವನು ಹಲ್ಲುಚಕ್ರದ ಮೇಲೆ ಇನ್ನೊಂದು ಚಕ್ರ ಇಟ್ಟ. ಒಂದನ್ನು ಬಿಡಿಸಿ ಇನ್ನೊಂದನ್ನು ಕಚ್ಚಿಸಿದರೆ ಎತ್ತು ಅದೇ ದಿಕ್ಕಿಗೆ ಸುತ್ತುತ್ತಿದ್ದಂತೆ ಹಗ್ಗ ಉಲ್ಟಾ ಇಳಿಯುತ್ತದೆ. ಗಾಡಿಯ ರಿವರ್ಸ್ ಗೇರ್ ಇದ್ದ ಹಾಗೆ, ಅದೂ 1420ರ ಹೊತ್ತಿಗೆ.

ಹೊರಡುವ ಮೊದಲು ನಮ್ಮ ಕೋಟೆಯ ಜಾಮಾ ಮಸೀದಿಯೊಳಗೆ ಒಂದು ಸಂಜೆ ನಿಂತು ಬಾ. 1367ರದ್ದು, ಬ್ರೂನೆಲ್ಲೆಸ್ಕಿ ಹುಟ್ಟುವುದಕ್ಕೂ ಹತ್ತು ವರ್ಷ ಹಿಂದಿನದು. ಅಂಗಳ ಬಿಡದೆ ಪೂರ್ತಿ ಚಾವಣಿ ಹಾಕಿ, ಸಣ್ಣ ಸಣ್ಣ ಗುಮ್ಮಟಗಳಿಂದ ಮುಚ್ಚಿದ್ದಾರೆ. ದೊಡ್ಡ ಜಾಗ ಮುಚ್ಚುವ ಲೆಕ್ಕಕ್ಕೆ ಇವರ ಉತ್ತರ ಬೇರೆ. ಎರಡನ್ನೂ ನೋಡಿ ಸೆಮಿನಾರ್ ಕೊಡು, ನಿಮ್ಮ ಸರ್ ಮಾರ್ಕ್ಸ್ ಕೊಡಲೇಬೇಕು.

ಗುಮ್ಮಟ ಹತ್ತಲು ದಿನ, ಸಮಯ ಮೊದಲೇ ಗೊತ್ತು ಮಾಡಬೇಕು, ಆಮೇಲೆ ಬದಲಾಯಿಸಲು ಬಿಡುವುದಿಲ್ಲ. ಆ ಚರ್ಚಿನೊಳಗೆ ಹೋಗಲು ದುಡ್ಡಿಲ್ಲ, ಭುಜ, ಮಂಡಿ ಮುಚ್ಚಿರಬೇಕು.

ಅಕ್ಕಾರೇ, ನಾವು ಲಿಂಗಾಯತರು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅತ್ತೆಯವರೂ ಜೊತೆಗಿದ್ದಾರೆ. ಊಟಕ್ಕೆ ಏನು ಮಾಡುವುದು?
— ಯಾದಗಿರಿಯ ಗೃಹಿಣಿ

ಹೆದರಬೇಡಿ, ಉಪವಾಸ ಬೀಳುವುದಿಲ್ಲ. ಆ ಕಡೆಯ ಹಳೇ ಬಡವರ ಅಡುಗೆಯಲ್ಲಿ ಕಾಳು, ಸೊಪ್ಪು, ಒಣ ಬ್ರೆಡ್ಡೇ ಜಾಸ್ತಿ. 'ಪಪ್ಪಾ ಅಲ್ ಪೊಮೊದೊರೊ' ಅಂದರೆ ಟೊಮೆಟೊ ಮತ್ತು ಹಳೇ ಬ್ರೆಡ್ಡಿನ ಗಟ್ಟಿ ಸಾರು. 'ರಿಬೊಲ್ಲಿತಾ' ಅಂದರೆ ಹುರುಳಿಕಾಯಿ ಜಾತಿಯ ಬಿಳಿ ಕಾಳು, ಕರಿ ಎಲೆಕೋಸು, ಬ್ರೆಡ್ಡು. 'ಚೆಚಿನಾ' ಸಿಕ್ಕರೆ ಬಿಡಬೇಡಿ, ಕಡಲೆ ಹಿಟ್ಟು, ಎಣ್ಣೆ, ಉಪ್ಪು, ಅಷ್ಟೇ. ಅತ್ತೆಯವರು ಖಂಡಿತ ಒಪ್ಪುತ್ತಾರೆ. ಸಾರು ತರಕಾರಿ ನೀರಿನದಾ ಅಂತ ಕೇಳಲು 'ಬ್ರೋದೊ ವೆಜೆತಾಲೆ?' ಅನ್ನಿ. ತಾಜಾ ಪಾಸ್ತಾದಲ್ಲಿ ಮೊಟ್ಟೆ ಇರುತ್ತದೆ, ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಪಾರ್ಮೆಜಾನ್ ಚೀಸಿಗೆ ಕರುವಿನ ಹೊಟ್ಟೆಯ ಹೆಪ್ಪು ಹಾಕುತ್ತಾರೆ, ಹಾಗಾಗಿ ಮೇಲೆ ಉದುರಿಸಬೇಡಿ ಅಂತ ಮೊದಲೇ ಹೇಳಿ. ಅಲ್ಲಿನ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ, ಅದು ಅವರ ಪದ್ಧತಿ. ಶೇಂಗಾ ಹಿಂಡಿ ಇದ್ದರೆ ಆ ಸಪ್ಪೆ ಬ್ರೆಡ್ಡು ಸರಾಗ ಇಳಿಯುತ್ತದೆ.

ಒಂದು ಎಚ್ಚರ. ಮನೆಯಿಂದ ತುಪ್ಪ, ಖವಾ, ಪೇಡೆ ಒಯ್ಯಬೇಡಿ. ಹೊರದೇಶದವರು ಹಾಲಿನ ಪದಾರ್ಥ ತರುವುದನ್ನು ಯುರೋಪಿನವರು ಬಿಡುವುದಿಲ್ಲ, ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಎಸೆಯುತ್ತಾರೆ. ಕಡಕ್ ರೊಟ್ಟಿ, ಹಿಂಡಿ ಧಾರಾಳ ಒಯ್ಯಿರಿ. ರೊಟ್ಟಿ ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆಗೆ ಹಾಕಿದರೆ ಪುಡಿ ತಿನ್ನಬೇಕಾಗುತ್ತದೆ.

ಅಕ್ಕೋರೇ, ಅಷ್ಟು ದೂರ ಹೋಗಿ ಬರೀ ಅವರ ರಾಜರು, ಅವರ ದೇವರನ್ನೇ ನೋಡಬೇಕಾ? ನಮ್ಮವರ ಗುರುತು ಏನೂ ಇಲ್ಲವೇ?
— ಆಳಂದದ ಹಿರಿಯ ಓದುಗರು

ಇದೆ. ಅದನ್ನು ಯಾವ ಪ್ಯಾಕೇಜಿನವರೂ ತೋರಿಸುವುದಿಲ್ಲ.

ಕೊಲ್ಲಾಪುರ ನಿಮಗೆ ಗೊತ್ತಿರುವ ಊರೇ. ಅಲ್ಲಿನ ಛತ್ರಪತಿ ರಾಜಾರಾಮ ಮಹಾರಾಜರು ಇಂಗ್ಲೆಂಡಿಗೆ ಹೋಗಿ ವಾಪಸು ಬರುವಾಗ ಫ್ಲಾರೆನ್ಸಿನಲ್ಲಿ ಕಾಯಿಲೆ ಬಿದ್ದು 1870ರ ನವೆಂಬರ್ 30ರಂದು ತೀರಿಕೊಂಡರು. ವಯಸ್ಸು ಇಪ್ಪತ್ತೇ. ಆಗ ಫ್ಲಾರೆನ್ಸ್ ಇಟಲಿಯ ರಾಜಧಾನಿ. ಆ ಊರಿನಲ್ಲಿ ಹೆಣ ಸುಡುವುದು ಕೇಳಿಯೇ ಇರದ ಕಾಲ. ಜೊತೆಗಿದ್ದವರು ನಮ್ಮ ಪದ್ಧತಿಯಂತೆ ದಹನ ಆಗಬೇಕು, ಎರಡು ನದಿ ಕೂಡುವ ಜಾಗ ಬೇಕು ಅಂದರು. ಊರಿನವರು ವಿಶೇಷ ಅನುಮತಿ ಕೊಟ್ಟರು. ಆರ್ನೊ ನದಿಗೆ ಮುನ್ಯೋನೆ ಹಳ್ಳ ಸೇರುವ ಕಡೆ, ಕಶ್ಶಿನೆ ಪಾರ್ಕಿನ ಪಶ್ಚಿಮದ ತುದಿಯಲ್ಲಿ, ರಾತ್ರಿ ಹೊತ್ತು ದಹನ ನಡೆಯಿತು. 1874ರಲ್ಲಿ ಅಲ್ಲಿ ಸ್ಮಾರಕ ನಿಲ್ಲಿಸಿದರು. ನಮ್ಮ ಕಡೆಯ ಛತ್ರಿಯಂಥ ಮಂಟಪದ ಕೆಳಗೆ, ಪೇಟ ಸುತ್ತಿದ ಮಹಾರಾಜರ ಬಣ್ಣದ ಎದೆಮಟ್ಟದ ಮೂರ್ತಿ. ಕೆತ್ತಿದವನು ಇಂಗ್ಲಿಷ್ ಶಿಲ್ಪಿ ಚಾರ್ಲ್ಸ್ ಫ್ರಾನ್ಸಿಸ್ ಫುಲ್ಲರ್. ಪಕ್ಕದಲ್ಲಿ 1970ರ ದಶಕದಲ್ಲಿ ಕಟ್ಟಿದ ದೊಡ್ಡ ಸೇತುವೆಗೂ 'ಇಂಡಿಯನ್ನನ ಸೇತುವೆ' ಅಂತಲೇ ಹೆಸರು. ಊರಿನ ನಡುವಿನಿಂದ ದೂರ, ಪಾರ್ಕಿನ ಉದ್ದಕ್ಕೂ ನಡೆಯಬೇಕು. ಬೆಳಗ್ಗೆ ಹೋಗಿ, ಸಂಜೆ ಮೇಲೆ ಆ ತುದಿ ಬೇಡ.

ಇನ್ನೊಂದು ಗುರುತು ಕಣ್ಣಿಗೆ ಕಾಣುವುದಿಲ್ಲ. 1420ರ ಹೊತ್ತಿಗೆ ವಿಜಯನಗರ ನೋಡಿದ ನಿಕೊಲೊ ಕಾಂಟಿ ಅನ್ನುವ ವೆನಿಸ್ ಕಡೆಯ ವ್ಯಾಪಾರಿಯ ಹೆಸರು ಶಾಲೆಯಲ್ಲಿ ಓದಿರುತ್ತೀರಿ. ದೇಶ ಸುತ್ತುವಾಗ ಜೀವ ಉಳಿಸಿಕೊಳ್ಳಲು ಮತ ಬದಲಿಸಿದ್ದ. ವಾಪಸು ಬಂದು ಪೋಪ್ ಹತ್ತಿರ ಕ್ಷಮೆ ಕೇಳಿದ. ಪೋಪ್ ಆಗ ಇದ್ದದ್ದು ಫ್ಲಾರೆನ್ಸಿನಲ್ಲಿ. ನೋಡಿದ್ದನ್ನೆಲ್ಲ ಇದ್ದದ್ದು ಇದ್ದ ಹಾಗೆ ಹೇಳು ಅಂತ ಪೋಪನ ಕಾರ್ಯದರ್ಶಿ ಪೊಜ್ಜೊ ಅವನನ್ನು ಕೂರಿಸಿ ಬರೆದುಕೊಂಡ. ಬೆಟ್ಟಗಳ ನಡುವೆ ಅರವತ್ತು ಮೈಲಿ ಸುತ್ತಳತೆಯ ಊರು ಅಂತ ನಮ್ಮ ಹಂಪಿಯ ವರ್ಣನೆ ಲ್ಯಾಟಿನ್ನಿಗೆ ಇಳಿದದ್ದು ಹಾಗೆ. ಫ್ಲಾರೆನ್ಸಿನಲ್ಲಿದ್ದಾಗ ಆ ಪೋಪ್ ಇಳಿದುಕೊಳ್ಳುತ್ತಿದ್ದ ಮಠ, ಹುಮನಾಬಾದಿನ ಸರ್‌ಗೆ ಮೊದಲು ನೋಡಿ ಅಂದೆನಲ್ಲ, ಆ ಸಾಂತಾ ಮರಿಯಾ ನೊವೆಲ್ಲಾ.

ಸಣ್ಣ ಸಣ್ಣ ಪ್ರಶ್ನೆಗಳು

ವೀಸಾ ಎಷ್ಟು ಮೊದಲು? (ಶಹಾಬಾದ್) ಇಟಲಿಗೆ ಬೇಕಾದ ಶೆಂಗೆನ್ ವೀಸಾಗೆ ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ತೀರಾ ಕೊನೆ ಅಂದರೆ ಹದಿನೈದು ದಿನ. ಎರಡು-ಮೂರು ತಿಂಗಳ ಮೊದಲೇ ಹಾಕಿ. ಕನಿಷ್ಠ 30,000 ಯೂರೋ ವೈದ್ಯಕೀಯ ಖರ್ಚಿನ ವಿಮೆ ಬೇಕು. ವಾಪಸು ಬರುವ ದಿನದಿಂದ ಮುಂದೆ ಮೂರು ತಿಂಗಳಾದರೂ ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು.

ಬಾಡಿಗೆ ಕಾರು ತಗೊಳ್ಳಲಾ? (ಸೇಡಂ) ಬೇಡ. ಹಳೇ ಊರಿನೊಳಗೆ ಹೊರಗಿನ ಗಾಡಿಗೆ ಪ್ರವೇಶ ಇಲ್ಲ. ಕ್ಯಾಮೆರಾ ನಂಬರ್ ಹಿಡಿಯುತ್ತದೆ, ದಂಡದ ಚೀಟಿ ಮನೆಗೇ ಬರುತ್ತದೆ.

ಚರ್ಚಿನಲ್ಲಿ ಕತ್ತಲೆ, ಚಿತ್ರ ಕಾಣುತ್ತಾ? (ಬಸವಕಲ್ಯಾಣ) ಕೆಲವು ಕಡೆ ಗೋಡೆಗೆ ಒಂದು ಡಬ್ಬಿ ಇರುತ್ತದೆ, ನಾಣ್ಯ ಹಾಕಿದರೆ ಸ್ವಲ್ಪ ಹೊತ್ತು ದೀಪ ಹತ್ತುತ್ತದೆ. ಚಿಲ್ಲರೆ ಇಟ್ಟುಕೊಳ್ಳಿ. ಪಕ್ಕದವರು ಹಾಕಲಿ ಅಂತ ಎಲ್ಲರೂ ಕತ್ತಲಲ್ಲಿ ಕಾಯುತ್ತಾ ನಿಂತಿರುತ್ತಾರೆ, ನೀವೇ ಹಾಕಿಬಿಡಿ.